ಬಾಯಿ ಬಿಟ್ಟು ಕೇಳದ ಪ್ರಶ್ನೆ

ಬಾದನಹಟ್ಟಿಯಲ್ಲಿ ನಾನು ಹೋದ ಮೊದಲ ಮನೆಯ ಅತ್ತೆ ನನ್ನನ್ನು ಕಟ್ಟೆಯ ಮೇಲೆ ಕೂರಿಸಿ, ತಂಬಿಗೆ ನೀರು ಕೊಟ್ಟು, ಕುಡಿದು ಮುಗಿಸುವ ತನಕ ಕಾದಳು. ಆಮೇಲೆ ಕೇಳಿದಳು.

“ನಮ್ ಸೊಸೀನ ಕಳಿಸಿದ್ವಿ ಅನ್ಕೋ. ನೀ ಕೆಲಸ ಕಲಿಸಿದಿ ಅನ್ಕೋ. ಆರು ತಿಂಗಳಿಗೆ ನಿಮ್ಮ ಧಣಿ ಮಷಿನ್ ಹೇರ್ಕೊಂಡು ಬಳ್ಳಾರಿಗೆ ಹೊಂಟ್ರ ಈಕಿ ಏನ್ ಮಾಡಬೇಕು?”

“ಹೋಗಂಗಿಲ್ಲಮ್ಮ. ನಾ ಮಾತು ಕೊಡ್ತೀನಿ.”

“ನೀ ಕೊಟ್ರ ಆತೇನು? ಮಷಿನ್ ನಿನ್ನವಾ?”

ಒಳಗೆ ರೊಟ್ಟಿ ಬಡಿಯುತ್ತಿದ್ದ ಸೊಸೆಯ ಕೈ ನಿಂತಿತು. ನಾನು ಹೇಳಿದೆ, “ಮಷಿನ್ ನನ್ನವಲ್ಲ. ಆದ್ರ ಧಣಿ ಅಂಥಾವರಲ್ಲ. ದೇವರನ್ನ ಕೇಳದ ಒಂದು ಸೂಜಿ ಕೊಳ್ಳಂಗಿಲ್ಲ ಅವರು.”

ದೇವರ ಹೆಸರು ಬಂದಮೇಲೆ ಅತ್ತೆ ಮೆತ್ತಗಾದಳು. ಒಳಗೆ ಮತ್ತೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು.

ಹೀಗೆ ಬಾದನಹಟ್ಟಿ, ಕುರುಗೋಡು ಎರಡೂ ಕಡೆ ಸೇರಿ ಹದಿನೈದು ದಿನದಲ್ಲಿ ಇಪ್ಪತ್ತಾರು ಹೆಂಗಸರನ್ನು ಒಟ್ಟುಮಾಡಿದೆ. ನಾನು ಬಳ್ಳಾರಿಯ ಒಂದು ಜೀನ್ಸ್ ಘಟಕದಲ್ಲಿ ಹೊಲಿಗೆ ಸಾಲಿನ ಮೇಲ್ವಿಚಾರಕಿಯಾಗಿದ್ದೆ. ಮನೆ ಕುರುಗೋಡಿನಲ್ಲಿ. ಹದಿನೆಂಟು ವರ್ಷ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಹೆಂಗಸರಿಗೆ ಈಗ ಬಸ್ಸೇನೋ ಪುಕ್ಕಟೆ, ಹೊತ್ತು ಮಾತ್ರ ಪುಕ್ಕಟೆ ಸಿಗುವುದಿಲ್ಲ. ನನ್ನ ಮಗಳು ದೊಡ್ಡವಳಾದದ್ದು ನನಗೆ ಗೊತ್ತಾಗಿದ್ದು ಭಾನುವಾರಗಳಲ್ಲಿ. ಆದ್ದರಿಂದ, ಕುರುಗೋಡಿನಲ್ಲಿ ತಮ್ಮ ಮನೆತನದ ಶೆಡ್ಡೊಂದು ಖಾಲಿ ಬಿದ್ದಿದೆ, ಅಲ್ಲಿ ಹೊಲಿಗೆ ಶುರು ಮಾಡೋಣ, ಹೆಂಗಸರನ್ನು ನೀನೇ ಹುಡುಕು ಎಂದು ಧಣಿಯವರು ಅಂದಾಗ ನಾನು ಸಂಬಳದ ಮಾತನ್ನೂ ಎತ್ತದೆ ಹೂಂ ಅಂದಿದ್ದೆ. ಊರಲ್ಲೇ ಕೆಲಸ. ಮಧ್ಯಾಹ್ನ ಮಗುವಿಗೆ ಜ್ವರ ಬಂದರೆ ಓಡಿ ಹೋಗಿ ಬರುವಷ್ಟು ದೂರ. ಆ ಇಪ್ಪತ್ತಾರು ಮಂದಿಗೆ ಬೇಕಿದ್ದದ್ದು ಅದೊಂದೇ.

ಧಣಿಯವರ ಬಗ್ಗೆ ನಾನು ಆ ಅತ್ತೆಗೆ ಸುಳ್ಳು ಹೇಳಿರಲಿಲ್ಲ. ಅವರ ಮೂಲ ಮನೆ ಸಿರುಗುಪ್ಪದಲ್ಲಿ. ತಂದೆಯ ಕಾಲದಿಂದ ಅಕ್ಕಿ ಗಿರಣಿ ಇದ್ದವರು. ಬಳ್ಳಾರಿಗೆ ಬಂದು ಬ್ರೂಸ್‌ಪೇಟೆಯಲ್ಲಿ ಒಂದು ಅಂಗಡಿ, ಆಮೇಲೆ ಹೊಲಿಗೆ ಘಟಕ, ಆಮೇಲೆ ಜೀನ್ಸ್ ತೊಳೆಯುವ ವಾಷಿಂಗ್ ಘಟಕ ಎಂದು ಒಂದೊಂದೇ ಮೆಟ್ಟಿಲು ಹತ್ತಿದವರು. ಎಷ್ಟು ಮೇಲೇರಿದರೂ ದಿನಚರಿ ಬದಲಾಗಲಿಲ್ಲ. ಎದ್ದು ಸ್ನಾನ, ಲಿಂಗಪೂಜೆ, ಹಣೆಗೆ ವಿಭೂತಿ. ಅದು ಮುಗಿಯುವ ತನಕ ಫೋನು ಹೆಂಡತಿಯ ಹತ್ತಿರ. ಘಟಕದಲ್ಲೂ ಅಷ್ಟೇ, ಮೊದಲ ಮಷಿನ್ನಿಗೆ ಊದುಬತ್ತಿ ಬೆಳಗದೆ ಮೇನ್ ಸ್ವಿಚ್ ಏರಿಸುವಂತಿಲ್ಲ. ಸೋಮವಾರ ಎಲ್ಲರಿಗೂ ಅಲ್ಲೇ ಊಟ. ಅವರ ಹೆಂಡತಿ ಸೆರಗು ಸಿಕ್ಕಿಸಿಕೊಂಡು ತಾವೇ ಬಡಿಸುತ್ತಿದ್ದರು. “ಇನ್ನೊಂದೀಟು ಹಾಕ್ಕೋ, ಹಸಿದ ಹೊಟ್ಟಿ ಹೊಲಿಗಿ ಸೊಟ್ಟ” ಎಂದು ನಗಿಸುತ್ತಿದ್ದರು. ಧಣಿಯವರದು, ಅವರ ತಮ್ಮನದು, ಎರಡೂ ಸಂಸಾರ ಒಂದೇ ಒಲೆಯ ಮೇಲೆ. ಹೊರಗಿನವರು ಧಣಿಯವರಿಗೆ ಏಳಿಗೆಯ ಗುಟ್ಟು ಕೇಳಿದರೆ, “ಮ್ಯಾಲ ದೇವರು, ಮನಿಯಾಗ ಅವ್ವ. ಇವರಿಬ್ಬರನ್ನ ಬಿಟ್ಟು ಮೂರನೇಯವರ ಮಾತು ನಾ ಕೇಳಿಲ್ಲ” ಅನ್ನುತ್ತಿದ್ದರು. ಹೆಮ್ಮೆಯಿಂದ ಅಲ್ಲ, ಹಾಗೆಯೇ ಬದುಕುತ್ತಿದ್ದರು.

ಇನ್ನೊಂದು ಪದ್ಧತಿ ಇತ್ತು. ದೊಡ್ಡ ನಿರ್ಧಾರ ಯಾವುದೇ ಇರಲಿ, ಸಿರುಗುಪ್ಪದ ಮನೆಯ ದೇವರ ಕೋಣೆಯಲ್ಲಿ ಹೂ ಕೇಳುವುದು. ಅವರ ಮನೆದೇವರು ವೀರಭದ್ರ. ಧಣಿಯವರ ತಾಯಿ ಸ್ನಾನ ಮಾಡಿ, ನೀರಲ್ಲಿ ಅದ್ದಿದ ಹೂವಿನ ಎಸಳುಗಳನ್ನು ದೇವರ ಮೂರ್ತಿಯ ಎಡಕ್ಕೂ ಬಲಕ್ಕೂ ಅಂಟಿಸುವರು. ಧಣಿಯವರು ಕೈಮುಗಿದು ಪ್ರಶ್ನೆ ಕೇಳುವರು. ಬಲದ ಹೂ ಮೊದಲು ಬಿದ್ದರೆ ಆಗಲಿ ಎಂದು, ಎಡದ್ದು ಬಿದ್ದರೆ ಬೇಡ ಎಂದು. ನಾನು ಮೂರು ನಾಲ್ಕು ಸಲ ಅಲ್ಲಿದ್ದೆ. ವಾಷಿಂಗ್ ಘಟಕ ಹಾಕುವಾಗ ಇದ್ದೆ. ಒಬ್ಬ ಹೊರರಾಜ್ಯದ ವ್ಯಾಪಾರಿಯ ಭಾರಿ ಆರ್ಡರು ಬಂದಾಗ ಎಡದ ಹೂ ಬಿತ್ತು. ಧಣಿಯವರು ಮರುಮಾತಿಲ್ಲದೆ ಬಿಟ್ಟರು. ಮುಂದೆ ಆ ವ್ಯಾಪಾರಿ ಮೂವರಿಗೆ ಟೋಪಿ ಹಾಕಿ ಊರು ಬಿಟ್ಟ. ಅಂದಿನಿಂದ ನಮ್ಮ ಘಟಕದಲ್ಲಿ ಹೂವಿನ ಮಾತು ಎಂದರೆ ಎರಡು ಮಾತಿಲ್ಲ. ದೇವರಿಗೆ ಹೆದರುವವರ ಕೈಕೆಳಗೆ ಕೆಲಸ ಮಾಡುವವರಿಗೆ ಬೇರೆ ಹೆದರಿಕೆ ಬೇಡ ಎಂದು ನಾನು ಬಲವಾಗಿ ನಂಬಿದ್ದೆ.

ಕುರುಗೋಡಿನ ಶೆಡ್ಡಿಗೆ ಹದಿನೆಂಟು ಮಷಿನ್ ಬಂದವು. ಮೊದಲ ತಿಂಗಳು ಬರೀ ಚಿಂದಿಯ ಮೇಲೆ ನೇರ ಹೊಲಿಗೆ. ಕಾಲಲ್ಲಿ ಪೆಡಲ್ ಒತ್ತಿದರೆ ಕರೆಂಟ್ ಮಷಿನ್ ಹುಚ್ಚು ಕುದುರೆಯ ಹಾಗೆ ಓಡುತ್ತದೆ. ಮನೆಯ ಹೊಲಿಗೆ ಮಷಿನ್ ತುಳಿದ ಕಾಲಿಗೆ ಆ ಸೂಕ್ಷ್ಮ ಬರಲು ದಿನ ಹಿಡಿಯಿತು. ಬಾದನಹಟ್ಟಿಯ ಆ ಸೊಸೆ, ಇನ್ನು ಮುಂದೆ ಅವಳನ್ನು ಬಾದನಹಟ್ಟಿಯವಳು ಎಂದೇ ಕರೆಯುತ್ತೇನೆ, ಮೊದಲ ದಿನ ಎರಡು ಸೂಜಿ ಮುರಿದಳು. ಮೂರನೇ ವಾರಕ್ಕೆ ಎಲ್ಲರಿಗಿಂತ ಮುಂದೆ ಹೋದಳು. “ಅಕ್ಕಾ, ಇದು ನಮ್ಮತ್ತಿ ಇದ್ದಂಗ. ಮೆಲ್ಲಕ ಒತ್ತಿದ್ರ ಮಾತು ಕೇಳ್ತೈತಿ” ಎಂದು ಎಲ್ಲರನ್ನೂ ನಗಿಸಿದಳು.

ಎರಡನೇ ತಿಂಗಳು ಧಣಿಯವರು ಪರೀಕ್ಷೆಯ ಆರ್ಡರು ಕೊಟ್ಟರು. ಮಕ್ಕಳ ಜೀನ್ಸು, ಎರಡು ಸಾವಿರದ ನಾನೂರು ಪೀಸು. “ಇದೊಂದು ವಾಪಸ್ ಬರದಂಗ ದಾಟಿಸು ತಂಗಿ. ಆಮ್ಯಾಲ ಈ ಶೆಡ್ಡು ಕಾಯಂ. ದೇವರ ಅಪ್ಪಣಿ ಒಂದು ತಗೊಂಡುಬಿಡೋಣ” ಅಂದರು.

ಕೆಲಸದ ಕ್ರಮ ಹೀಗೆ: ಬಟ್ಟೆಯ ಥಾನುಗಳನ್ನು ಬಿಚ್ಚಿ, ಒಂದರ ಮೇಲೊಂದು ಪದರವಾಗಿ ಮೇಜಿನ ಮೇಲೆ ಹಾಸಿ, ಮೇಲೆ ಕಾಗದದ ಅಳತೆಪಟ್ಟಿ ಇಟ್ಟು, ಎಲ್ಲ ಪದರವನ್ನೂ ಒಟ್ಟಿಗೆ ಕತ್ತರಿಸುತ್ತಾರೆ. ಇದು ಬಳ್ಳಾರಿಯಲ್ಲೇ ಆಗಿ, ತುಂಡುಗಳು ಕಟ್ಟುಕಟ್ಟಾಗಿ ನಮ್ಮ ಶೆಡ್ಡಿಗೆ ಬರುತ್ತಿದ್ದವು. ಒಂದೊಂದು ತುಂಡಿಗೂ ಅದು ಯಾವ ಥಾನಿನದು ಎಂದು ಹೇಳುವ ಸಣ್ಣ ನಂಬರ್ ಚೀಟಿ ಅಂಟಿಸಿರುತ್ತಾರೆ. ಹೊಲಿಯುವಾಗ ಒಂದೇ ನಂಬರಿನ ತುಂಡುಗಳನ್ನೇ ಜೋಡಿಸಬೇಕು. ಯಾಕೆಂದರೆ ಹೊಸ ಬಟ್ಟೆಯಲ್ಲಿ ಎಲ್ಲ ಥಾನೂ ಒಂದೇ ನೀಲಿ ಕಾಣುತ್ತವೆ. ತೊಳೆದ ಮೇಲೆಯೇ ಒಂದು ಕಪ್ಪುನೀಲಿ, ಒಂದು ತಿಳಿನೀಲಿ ಎಂದು ನಿಜಬಣ್ಣ ತೋರಿಸುವುದು.

ಮೊದಲ ಮುನ್ನೂರು ಪೀಸು ಹೊಲಿದು ವಾಷಿಂಗಿಗೆ ಕಳಿಸಿದೆವು. ಮರುದಿನ ಬಳ್ಳಾರಿಯಿಂದ ಫೋಟೋ ಬಂತು. ಎಡಗಾಲು ಒಂದು ಬಣ್ಣ, ಬಲಗಾಲು ಇನ್ನೊಂದು. ಅರ್ಧಕ್ಕರ್ಧ ಪೀಸು ಹಾಗೆಯೇ. ಚೀಟಿ ಇದ್ದರೂ ಹೀಗೆ ಹೇಗಾಯಿತು? ಕಟ್ಟು ಬಿಚ್ಚುವ ಕಡೆ ಹೋಗಿ ಕುಳಿತು ನೋಡಿದೆ. ಅಲ್ಲಿ ಕೂತವಳು ಆ ಕೆಲಸಕ್ಕೆ ಹೊಸಬಳು, ಬಲು ಶುಚಿಯ ಹೆಂಗಸು. ಪ್ರತಿ ತುಂಡಿನ ಚೀಟಿಯನ್ನೂ ಉಗುರಿಂದ ಎಬ್ಬಿಸಿ, ಎಲ್ಲವನ್ನೂ ನೀಟಾಗಿ ಒಂದು ಡಬ್ಬಿಗೆ ಹಾಕುತ್ತಿದ್ದಳು.

“ಇದ್ಯಾಕ ತಗೀತಿಯವ್ವ?”

“ಬಟ್ಟಿ ಮ್ಯಾಲ ಕಸ ಅಂಟಿತ್ತಲ್ಲಕ್ಕಾ. ಹಂಗ ಹೊಲದ್ರ ಮಂದಿ ಏನಂತಾರ?”

ಬಾದನಹಟ್ಟಿಯವಳು ಹಿಂದಿನಿಂದ, “ನಿನ್ನ ಶುಚಿಗೆ ಬೆಂಕಿ ಹಚ್ಚ! ಮನಿಯಾಗ ಗೋಡಿ ಮ್ಯಾಲಿನ ಕ್ಯಾಲೆಂಡರೂ ಹರದು ಒರಸ್ತೀಯೇನು?” ಅಂದಳು. ಆಕೆ ಅಳತೊಡಗಿದಳು. ಎಲ್ಲರೂ ಮೊದಲು ನಕ್ಕು ಆಮೇಲೆ ಸಮಾಧಾನ ಮಾಡಿದರು.

ನಾನು ಧಣಿಯವರಿಗೆ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ. ಅವರು ದನಿ ಏರಿಸಲಿಲ್ಲ. “ತಪ್ಪು ಹುಡುಕು ತಂಗಿ, ಮಂದೀನ ಹುಡುಕಬ್ಯಾಡ” ಎಂದರು. ಆ ಮಾತಿಗೆ ನಾನು ಶೆಡ್ಡಿನ ಹಿಂದೆ ಹೋಗಿ ಕಣ್ಣೊರೆಸಿಕೊಂಡೆ.

ಚೀಟಿಯನ್ನೇ ಬಿಟ್ಟೆ. ಅದು ಸೂಜಿಗೂ ಸಿಕ್ಕುತ್ತಿತ್ತು, ಶೆಕೆಗೆ ಅಂಟೂ ಬಿಡುತ್ತಿತ್ತು. ಬದಲಿಗೆ ಥಾನಿಗೊಂದು ಬಣ್ಣದ ದಾರ ಗೊತ್ತುಮಾಡಿದೆ. ಕತ್ತರಿಸಿದ ತುಂಡಿನ ಅಂಚಿನಲ್ಲಿ, ಹೊಲಿಗೆಯ ಒಳಗೆ ಹೋಗುವ ಕಡೆ, ಆ ಬಣ್ಣದ ದಾರದಿಂದ ಒಂದು ಟಾಕು, ಅಂದರೆ ಒಂದು ಸಣ್ಣ ಕೈಹೊಲಿಗೆ, ಹಾಕುವುದು. ಕೆಂಪು ಕೆಂಪಿಗೆ, ಹಳದಿ ಹಳದಿಗೆ. ಓದು ಬಾರದವರಿಗೂ ತಪ್ಪುವ ಹಾಗಿರಲಿಲ್ಲ. ಬಳ್ಳಾರಿಗೆ ಹೋಗಿ ಕಟಿಂಗ್ ಮೇಜಿನ ಪಕ್ಕ ನಾನೇ ಎರಡು ದಿನ ಕೂತು ಟಾಕು ಹಾಕಿಸಿದೆ. ಅಲ್ಲಿನ ಕಟಿಂಗ್ ಮಾಸ್ತರು, “ಇದೇನು ಮದಿವಿ ಜವಳಿ ಮಾಡೀಯಲ್ಲ” ಎಂದು ಹಾಸ್ಯ ಮಾಡಿದ. ಮುಂದಿನ ಆರುನೂರು ಪೀಸು ತೊಳೆದು ಬಂದಾಗ ಒಂದೂ ಕೆಟ್ಟಿರಲಿಲ್ಲ. ಆಮೇಲೆ ಅವನೇ ನನ್ನಿಂದ ದಾರದ ಉಂಡೆ ಕೇಳಿ ಇಸಿದುಕೊಂಡ.

ಕೆಟ್ಟ ಪೀಸುಗಳನ್ನು ಬಿಚ್ಚಿ, ಒಂದೇ ಬಣ್ಣದ ಕಾಲುಗಳನ್ನು ಹೊಂದಿಸಿ ಮತ್ತೆ ಹೊಲಿದೆವು. ಹೊಲಿದದ್ದನ್ನು ಬಿಚ್ಚುವಷ್ಟು ಬೇಸರದ ಕೆಲಸ ಇನ್ನೊಂದಿಲ್ಲ. ಎರಡು ಭಾನುವಾರ ಯಾರೂ ರಜೆ ಕೇಳಲಿಲ್ಲ. ಎರಡು ಸಾವಿರದ ನಾನೂರೂ ದಾಟಿದವು, ವ್ಯಾಪಾರಿ ಒಂದನ್ನೂ ವಾಪಸ್ ಕಳಿಸಲಿಲ್ಲ. ಮುಂದಿನ ಗುರುವಾರ ಧಣಿಯವರು ಮೊದಲೇ ಹೇಳದೆ ಕುರುಗೋಡಿಗೆ ಬಂದರು. ಊಟದ ಹೊತ್ತು. ಹೆಂಗಸರ ನಡುವೆ ಚಾಪೆಯ ಮೇಲೆ ಕುಳಿತು ಬಾದನಹಟ್ಟಿಯವಳ ಡಬ್ಬಿಯಿಂದ ರೊಟ್ಟಿ, ಪುಂಡಿಪಲ್ಯ ಹಾಕಿಸಿಕೊಂಡು ತಿಂದರು.

“ಇದ ರುಚಿ ನಮ್ಮವ್ವನ ಕೈಯಾಗ ಐತಿ. ಇದೂ ನಮ್ಮನೀನ ಬಿಡ್ರವಾ” ಅಂದರು.

ಸೋಮವಾರ ಸಿರುಗುಪ್ಪಕ್ಕೆ ನನ್ನನ್ನೂ ಕರೆದೊಯ್ದರು. ಕಾರಿನಲ್ಲಿ ಧಣಿಯವರು, ಅವರ ತಮ್ಮ, ನಾನು. ತಮ್ಮ ದಾರಿಯುದ್ದಕ್ಕೂ ಫೋನು ನೋಡುತ್ತ ಕೂತಿದ್ದರು. ಧಣಿಯವರ ತಾಯಿ, ಅಮ್ಮನವರು, ಎಂದಿನಂತೆ ಎಸಳು ಅಂಟಿಸಿದರು. ಹೊರಗೆ ಗಿರಣಿಯ ಸದ್ದು, ಒಳಗೆ ದೀಪದ ಎಣ್ಣೆಯ ವಾಸನೆ. ಧಣಿಯವರು ಕೈಮುಗಿದು ಕಣ್ಣು ಮುಚ್ಚಿದರು.

ಪ್ರತಿ ಸಲ ಅವರು ಪ್ರಶ್ನೆಯನ್ನು ಬಾಯಿ ಬಿಟ್ಟು, ಎಲ್ಲರಿಗೂ ಕೇಳುವಂತೆ ಕೇಳುತ್ತಿದ್ದರು. “ಅಪ್ಪಾ, ವಾಷಿಂಗ್ ಹಾಕಬೇಕಂತೀನಿ, ಹಾಕ್ಲೇನು?” ಹೀಗೆ, ಮನೆಯ ಹಿರಿಯರನ್ನು ಕೇಳಿದ ಹಾಗೆ. ಅದು ಅವರ ತಂದೆ ಹಾಕಿಕೊಟ್ಟ ರೂಢಿಯಂತೆ. ಅಂದು ಮಾತ್ರ ತುಟಿ ಅಲುಗಲಿಲ್ಲ. ನಾನು ಅದನ್ನು ಗಮನಿಸಿದೆ, ಗಮನಿಸಿಯೂ ಅರ್ಥ ಮಾಡಿಕೊಳ್ಳಲಿಲ್ಲ. ಕಾಯಂ ಮಾಡುವ ವಿಷಯ ಎಲ್ಲರಿಗೂ ಗೊತ್ತೇ ಇದೆಯಲ್ಲ, ಬಾಯಲ್ಲಿ ಹೇಳುವುದೇನು ಎಂದುಕೊಂಡೆ.

ಬಲದ ಹೂ ಬಿತ್ತು.

ಅಮ್ಮನವರು, “ಆತು ನೋಡ್ರಿ, ಕೊಟ್ಟ” ಎಂದು ಮಂಗಳಾರತಿ ಎತ್ತಿದರು. ನಾನು ಅಂಗಳಕ್ಕೆ ಬಂದವಳೇ ಬಾದನಹಟ್ಟಿಯವಳಿಗೆ ಫೋನ್ ಮಾಡಿದೆ. “ಬಲಕ್ಕ ಬಿತ್ತವ್ವ!” ಆ ಕಡೆ ಇಪ್ಪತ್ತಾರು ಮಂದಿ ಒಟ್ಟಿಗೆ ಕೂಗಿದ್ದು ಕೇಳಿಸಿತು. ಸಂಜೆ ಶೆಡ್ಡಿನಲ್ಲಿ ಅವರವರೇ ಬೆಲ್ಲ, ಕೊಬ್ಬರಿ ಹಂಚಿದರಂತೆ.

ಬುಧವಾರ ಧಣಿಯವರು ನನ್ನನ್ನು ಬ್ರೂಸ್‌ಪೇಟೆಯ ಅಂಗಡಿಗೆ ಕರೆಸಿದರು. ಅಂಗಡಿಯ ಹಿಂದಿನ ಸಣ್ಣ ಕೋಣೆ, ಅದೇ ಅವರ ಆಫೀಸು. ಚಹಾ ತರಿಸಿದರು. ಬಹಳ ಹೊತ್ತು ಕಪ್ಪಿನ ಕಿವಿಯನ್ನೇ ತಿರುಗಿಸುತ್ತ ಕೂತರು.

“ತಂಗಿ, ಹೂ ಬಲಕ್ಕ ಬಿತ್ತಲ್ಲ, ನಾ ಕೇಳಿದ್ದು ಏನಂತ ನಿನಗ ಗೊತ್ತೈತೇನು?”

“ಕುರುಗೋಡು ಕಾಯಂ ಮಾಡ್ಲೇನಂತ ಕೇಳಿರ್ತೀರಿ.”

“ಅಲ್ಲ. ಮಷಿನ್ ಎಲ್ಲಾ ಬಳ್ಳಾರಿಗೆ ತಂದು ಒಂದ ಕಡಿ ಮಾಡ್ಲೇನಂತ ಕೇಳಿದೆ. ಆಗ್ಲಿ ಅಂತು.”

ಬೀದಿಯಲ್ಲಿ ತಳ್ಳುಗಾಡಿಯವನೊಬ್ಬ ಆಟೋದವನ ಜೊತೆ ಜಗಳವಾಡುತ್ತಿದ್ದ. ಅವರ ಒಂದೊಂದು ಮಾತೂ ಕಿವಿಗೆ ಬೀಳುತ್ತಿತ್ತು, ಎದುರಿಗೆ ಕೂತವರ ಮಾತು ಮಾತ್ರ ತಡವಾಗಿ ಒಳಗಿಳಿಯಿತು.

“ಬರೋರು ಬಳ್ಳಾರಿಗೆ ಬರ್ಲಿ, ಕೆಲಸ ಐತಿ. ನಿನ್ನನ್ನ ಇಡೀ ಘಟಕದ ಮ್ಯಾಲ ಹಾಕ್ತೀನಿ. ಆದ್ರ ಅವರಿಗೆ ನೀನ ಹೇಳಬೇಕು. ನೀ ಹೇಳಿದ್ರ ಕೇಳ್ತಾರ. ದೇವರ ಅಪ್ಪಣಿ ಅಂತ ಹೇಳು.”

ನನಗೆ ಆಗ ಅನುಮಾನ ಬರಲಿಲ್ಲ. ಇದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ. ದುಃಖವಾಯಿತು, ಸಿಟ್ಟು ಬರಲಿಲ್ಲ. ಹೂ ಬಿದ್ದದ್ದನ್ನು ನನ್ನ ಕಣ್ಣಾರೆ ಕಂಡಿದ್ದೆ. ದೇವರಿಗೆ ನಮಗಿಂತ ಮುಂದಿನದು ಕಾಣುತ್ತಿರಬೇಕು ಎಂದು ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡು ಬಂದೆ. ಮರುದಿನ ಶೆಡ್ಡಿನಲ್ಲಿ ಎಲ್ಲರನ್ನೂ ಕೂರಿಸಿ ಅದನ್ನೇ ಹೇಳಿದೆ. ಯಾರೂ ಜಗಳ ಮಾಡಲಿಲ್ಲ. ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. ಶುಚಿಯವಳು, “ನಾ ಆ ಚೀಟಿ ಕಿತ್ತಿದ್ದಕ್ಕೇನಕ್ಕಾ?” ಎಂದು ಕೇಳಿದಳು. ಬಾದನಹಟ್ಟಿಯವಳು ಮಷಿನ್ನಿನ ಮೇಲಿನ ಧೂಳು ಒರೆಸಿ ಹೊದಿಕೆ ಹಾಕಿದಳು. ದೇವರ ಮುಂದೆ ಯಾರು ವಾದ ಮಾಡುತ್ತಾರೆ? ಅವರ ಬಾಯಿ ಮುಚ್ಚಿಸುವ ಕೆಲಸವನ್ನೇ ಧಣಿಯವರು ನನ್ನಿಂದ ಮಾಡಿಸಿದ್ದರು ಎಂದು ತಿಳಿದದ್ದು ಶನಿವಾರ.

ಶನಿವಾರ ಬೆಳಿಗ್ಗೆ ಲಾರಿ ಬಂತು. ಎಲ್ಲ ಮಷಿನ್ ಒಂದೇ ಸಲಕ್ಕೆ ಹಿಡಿಯುವುದಿಲ್ಲ, ಎರಡು ಟ್ರಿಪ್ಪು ಬೇಕು. ಹೆಂಗಸರೇ ಮೋಟಾರು ಬಿಚ್ಚಿ, ಬೆಲ್ಟು ಸುತ್ತಿ ಚೀಲಕ್ಕೆ ಹಾಕಿ, ಮಷಿನ್ ತಲೆಗಳ ನಡುವೆ ಚಿಂದಿ ತುರುಕಿ ಏರಿಸಲು ಕೈಜೋಡಿಸಿದರು. ಲಾರಿಯ ಡ್ರೈವರು ಆಂಧ್ರದ ಕಡೆಯವನು, ಅರ್ಧ ತೆಲುಗು ಅರ್ಧ ಕನ್ನಡ. ಚಹಾ ಕೊಡುವಾಗ ನಾನು ಉಪಚಾರಕ್ಕೆ, “ಪಾಪ, ನಿನ್ನೆ ಹೇಳಿ ಇವತ್ತ ಬಾ ಅಂದ್ರ ನಿಮಗೂ ತ್ರಾಸ” ಅಂದೆ.

“ನಿನ್ನೆ ಯಾಕಮ್ಮಾ? ಪೋಯಿನ ವಾರಮೇ ಚೆಪ್ಪಾರು. ಹೋದ ವಾರನೇ ಹೇಳಿದ್ರು ಧಣಿ. ಗುರುವಾರ ಸಾಯಂಕಾಲ ನಾನೇ ಬಂದು ಬಾಗಿಲ ಅಳತಿ ತಗೊಂಡೋದೆ. ಬೀಗ ಹಾಕಿತ್ತು, ಹೊರಗಿಂದ ತಗೊಂಡೆ.”

“ಯಾವ ಗುರುವಾರ?”

“ಮೊನ್ನೇದು ಅಲ್ಲಮ್ಮಾ. ಅದರ ಹಿಂದಿನ ಗುರುವಾರ.”

ನನಗೆ ದಿನದ ಕೆಲಸ ಬರೆದಿಡುವ ಅಭ್ಯಾಸವಿದೆ. ಆದರೆ ಇದಕ್ಕೆ ಪುಸ್ತಕ ತೆಗೆಯಬೇಕಾಗಲಿಲ್ಲ. ಅದರ ಹಿಂದಿನ ಗುರುವಾರ ಮಧ್ಯಾಹ್ನವೇ ಧಣಿಯವರು ಚಾಪೆಯ ಮೇಲೆ ಕೂತು ರೊಟ್ಟಿ ತಿಂದದ್ದು. ಸಂಜೆ ಲಾರಿಗೆ ಹೇಳಿದ್ದಾರೆ. ಹೂ ಕೇಳಿದ್ದು ಅದಾದ ನಾಲ್ಕು ದಿನಕ್ಕೆ, ಸೋಮವಾರ.

ಮೊದಲ ಟ್ರಿಪ್ಪು ಹೊರಟಿತು. ನಾನು ಮುಂದಿನ ಬಸ್ಸಿಗೆ ಬಳ್ಳಾರಿಗೆ ಹೋದೆ. ಬ್ರೂಸ್‌ಪೇಟೆಯ ಕೋಣೆಯಲ್ಲಿ ಧಣಿಯವರು ಒಬ್ಬರೇ ಇದ್ದರು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ನಾನು ಕೂರಲಿಲ್ಲ.

“ಲಾರಿಗೆ ಯಾವತ್ತು ಹೇಳಿದ್ರಿ ಧಣಿ?”

ಅವರು ನನ್ನನ್ನು ನೋಡಿದರು. ಸುಳ್ಳು ಹೇಳಲಿಲ್ಲ. ಅದೊಂದನ್ನು ಅವರ ಪರವಾಗಿ ಬರೆಯಲೇಬೇಕು.

“ಗುರುವಾರ.”

“ಅಂದ್ರ ಎಡಕ್ಕ ಬಿದ್ದಿದ್ರ?”

“ಲಾರಿ ಬ್ಯಾಡ ಅಂತಿದ್ದೆ.”

“ಅಂತಿದ್ರೇನು?”

ಅವರು ಎದುರಿನ ಕುರ್ಚಿ ತೋರಿಸಿದರು. “ಕೂಡು ತಂಗಿ. ಆ ಶೆಡ್ಡು ತಮ್ಮನ ಹೆಸರಿಗೆ ಐತಿ. ಅವನಿಗೆ ಮೆಣಸಿನಕಾಯಿ ಗೋಡೌನ್ ಮಾಡಬೇಕಂತ. ಕೊಡಂಗಿಲ್ಲಂದ್ರ ಬ್ಯಾರೆ ಆಗ್ತೀನಿ ಅಂತ ಕುಂತ. ಅವ್ವ ಇರೋತನಕ ನಮ್ಮನಿಯಾಗ ಒಲಿ ಎರಡಾಗಬಾರದು. ನಾ ಅಪ್ಪಗ ಕೊಟ್ಟ ಮಾತದು. ನೀನ ಹೇಳು, ನಾ ಏನ್ ಮಾಡಬೇಕಿತ್ತು?”

“ಇದನ್ನ ಹಿಂಗ ನಮಗ ಹೇಳಬೇಕಿತ್ತು.”

“ಹೇಳಿದ್ರ ಕೇಳ್ತಿದ್ರೇನು? ಅಳ್ತಿದ್ರು. ನಾ ತಡಕೊಳ್ಳಾಕ ಆಗ್ತಿರಲಿಲ್ಲ. ದೇವರು ಅಂದ್ರ ಯಾರಿಗೂ ಯಾರ ಮ್ಯಾಲೂ ಸಿಟ್ಟಿರಂಗಿಲ್ಲ. ನೀನೂ ನಮ್ಮನಿಯಾಕಿ ಅದಿ, ಅರ್ಥ ಮಾಡ್ಕೋ.”

“ನಿಮ್ಮನಿಯಾಕಿ ಆಗಿದ್ರ, ನಿಮ್ಮನಿ ಮಾತು ನನಗ ಲಾರಿ ಡ್ರೈವರ್ ಹೇಳಬೇಕಿತ್ತೇನ್ರಿ?”

ನಾನು ಒಂದನ್ನು ಕೇಳಿಕೊಂಡೆ. ನಾಳೆ ಇನ್ನೊಂದು ಟ್ರಿಪ್ಪು ಇದೆ, ಅದನ್ನು ತಡೆಯಿರಿ. ಸೋಮವಾರ ಸಿರುಗುಪ್ಪಕ್ಕೆ ಆ ಹೆಂಗಸರನ್ನೂ ಕರೆದೊಯ್ಯೋಣ. ಅವರ ಎದುರಿಗೆ, ಬಾಯಿ ಬಿಟ್ಟು, ಇನ್ನೊಮ್ಮೆ ಕೇಳಿ. ಏನು ಬಿದ್ದರೂ ನಾನು ತುಟಿ ಪಿಟ್ಟೆನ್ನುವುದಿಲ್ಲ.

“ಒಂದ ಮಾತಿಗೆ ದೇವರನ್ನ ಎರಡು ಸಲ ಕೇಳಬಾರದು ತಂಗಿ” ಅಂದರು. ಬಹಳ ಮೆಲ್ಲಗೆ, ನಿಜವಾದ ಭಕ್ತಿಯಿಂದಲೇ ಅಂದರು. ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಅದೇ. ಅವರು ವೇಷ ಹಾಕಿದವರಾಗಿದ್ದರೆ ಹಗುರವಾಗಿ ಹೊರಬರುತ್ತಿದ್ದೆ. ಅವರು ದೇವರನ್ನು ನಂಬಿದವರೇ, ಮನೆಯನ್ನು ಪ್ರೀತಿಸಿದವರೇ. ಹದಿನೆಂಟು ವರ್ಷ ನಾನು ಕಂಡದ್ದು ಸುಳ್ಳಲ್ಲ. ಆ ಮನೆಗೆ ಒಂದು ಹೊಸ್ತಿಲಿದೆ, ನಾವು ಇಷ್ಟು ವರ್ಷ ಕೂತು ಉಂಡದ್ದು ಅದರ ಹೊರಗೆ ಎಂಬುದು ಮಾತ್ರ ನನಗೆ ಕಂಡಿರಲಿಲ್ಲ.

ಹೊರಡುವಾಗ ಅವರು, “ಮನಸ್ಸಿನ್ಯಾಗ ಏನೂ ಇಟ್ಕೋಬ್ಯಾಡ” ಎಂದರು.

“ಇಟ್ಕೊಂಡಾವರು ನೀವ್ರಿ” ಎಂದು ಬಂದುಬಿಟ್ಟೆ.

ಮನೆಯಲ್ಲಿ ಗಂಡನಿಗೆ ಎಲ್ಲ ಹೇಳಿದೆ. ಅವರು, “ಅವರಿಗೆ ಹೇಳಬ್ಯಾಡ. ದೇವರು ಅಂದ್ಕೊಂಡು ಸಮಾಧಾನದಾಗ ಅದಾರ. ಅದನ್ನೂ ಯಾಕ ಕಿತ್ಗೋತೀ?” ಅಂದರು. ಅದು ತಪ್ಪು ಮಾತಲ್ಲ. ಹೇಳದಿದ್ದರೆ ಅವರ ನೆಮ್ಮದಿ ಉಳಿಯುತ್ತಿತ್ತು, ಬಳ್ಳಾರಿಯ ದೊಡ್ಡ ಕೆಲಸವೂ ನನಗೆ ಉಳಿಯುತ್ತಿತ್ತು. ಆದರೆ ದೇವರ ಅಪ್ಪಣೆ ಎಂದು ಹೇಳಿದ ಬಾಯಿ ನನ್ನದು. ಆ ಶುಚಿಯ ಹೆಂಗಸು, ತಾನು ಚೀಟಿ ಕಿತ್ತ ತಪ್ಪಿಗೆ ದೇವರು ಶೆಡ್ಡನ್ನೇ ಕಿತ್ತ ಎಂದು ಜೀವಮಾನವಿಡೀ ತಿಳಿದುಕೊಂಡಿರುತ್ತಾಳೆ. ಅದನ್ನು ನೆನೆದಾಗ ನಿರ್ಧಾರವಾಯಿತು.

ಭಾನುವಾರ ಎರಡನೇ ಟ್ರಿಪ್ಪಿಗೆ ಲಾರಿ ಬಂದು ನಿಂತಾಗ, ಹೆಂಗಸರೆಲ್ಲ ಸೇರಿದ ಮೇಲೆ, ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಗುರುವಾರ, ಲಾರಿ, ತಮ್ಮನ ಗೋಡೌನು, ಸೋಮವಾರದ ಹೂ. “ನಿಮ್ಮ ಕೆಲಸದಾಗ ತಪ್ಪಿಲ್ಲ. ದೇವರಿಗೂ ನಿಮಗೂ ಏನೂ ಆಗಿಲ್ಲ” ಎಂದೆ.

ಬಾದನಹಟ್ಟಿಯವಳು ಬೆರಳು ಮಡಿಚುತ್ತ ಎಣಿಸಿದಳು.

“ತಮ್ಮನ್ನ ಕೇಳಿದ್ರು. ಲಾರಿಯವನನ್ನ ಕೇಳಿದ್ರು. ದೇವರನ್ನ ಕೇಳಿದ್ರು. ನಮ್ಮನ್ನ?”

ಮಷಿನ್ನಿಗೆ ಯಾರೂ ಕೈ ಹಚ್ಚಲಿಲ್ಲ. ಡ್ರೈವರು ಒಬ್ಬನೇ ಎಳೆಯತೊಡಗಿದ. ಎರಡನೇ ಮಷಿನ್ ಎಳೆಯುವಾಗ ಅವನ ಬೆನ್ನು ಹಿಡಿದುಕೊಂಡಿತು. ಶುಚಿಯವಳು ಎದ್ದು, “ಅವನೇನ್ ಮಾಡ್ಯಾನವ್ವ, ಪಾಪ” ಎಂದು ಹೋಗಿ ಇನ್ನೊಂದು ತುದಿ ಹಿಡಿದಳು. ಹಿಂದೆಯೇ ಉಳಿದವರೂ ಎದ್ದರು. ಕೊನೆಗೆ ಅವರೇ ಎಲ್ಲವನ್ನೂ ಏರಿಸಿಕೊಟ್ಟರು. ನನ್ನನ್ನು ಲಾರಿಯ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಾ ಎಂದು ಧಣಿಯವರು ಹೇಳಿದ್ದರಂತೆ. ಡ್ರೈವರು, “ಎಕ್ಕಮ್ಮಾ, ಹತ್ತು” ಅಂದ. ನಾನು ಶೆಡ್ಡಿನ ಬೀಗದ ಕೈ ಅವನಿಗೆ ಕೊಟ್ಟು, “ಇದನ್ನ ಧಣಿಗೆ ಮುಟ್ಟಿಸು” ಎಂದೆ.

ಲಾರಿ ಹೋದಮೇಲೆ ನನಗೆ ಏನೋ ಒಂದು ಒಳ್ಳೆಯ ಮಾತು ಬರಬಹುದು ಎಂಬ ಆಸೆಯಿತ್ತು. ನಾನೂ ಕೆಲಸ ಬಿಟ್ಟೆನಲ್ಲ. ಬಾದನಹಟ್ಟಿಯವಳು ಡಬ್ಬಿಯ ಚೀಲ ಹೆಗಲಿಗೆ ಹಾಕಿಕೊಂಡು ನನ್ನ ಹತ್ತಿರ ಬಂದಳು.

“ನಿನ್ನ ಮ್ಯಾಲ ಸಿಟ್ಟಿಲ್ಲಕ್ಕಾ. ಆದ್ರ ನಾವು ಹೂ ನಂಬಿ ಬಂದಿದ್ದಿಲ್ಲ. ನಿನ್ನ ಮಾತು ನಂಬಿ ಬಂದಿದ್ವಿ.”

ಅಷ್ಟು ಹೇಳಿ ಉಳಿದವರ ಜೊತೆ ನಡೆದಳು. ನಾನು ಧಣಿಯವರ ಎದುರು ನಿಂತು ಆಡಿದ ಮಾತುಗಳಲ್ಲಿ ಒಂದೂ ಇಷ್ಟು ನೇರವಾಗಿರಲಿಲ್ಲ.

ಹದಿನೈದು ದಿನ ಕಳೆಯಿತು. ಕೆಲವರು ಹೊಲದ ಕೂಲಿಗೆ ಹೋದರು. ಕೆಲವರನ್ನು ಮನೆಯಲ್ಲಿ ಕೂರಿಸಿದರು. ಒಂದು ಮಧ್ಯಾಹ್ನ ಶುಚಿಯವಳು ಮನೆಗೆ ಬಂದಳು. ಒಂಬತ್ತು ಮಂದಿ ಬಳ್ಳಾರಿಗೆ ಬಸ್ಸಿಗೆ ಹೋಗಲು ಮನೆಯವರನ್ನು ಒಪ್ಪಿಸಿದ್ದಾರೆ, ಕಲಿತ ಕೆಲಸ ಬಿಡಲು ಮನಸ್ಸಿಲ್ಲ, ಧಣಿಗೆ ಒಂದು ಮಾತು ಹೇಳಬೇಕು ಎಂದಳು. ಕಾಗದದಲ್ಲಿ ಹೆಸರು ಬರೆಸಿಕೊಂಡು ಬಂದಿದ್ದಳು. ಮೂರನೆಯ ಹೆಸರು ಬಾದನಹಟ್ಟಿಯವಳದು.

ಮತ್ತೆ ಆ ನಂಬರಿಗೆ ಫೋನ್ ಮಾಡುವುದಿಲ್ಲ ಎಂದು ನಿಶ್ಚಯಿಸಿದ್ದೆ. ಮಾಡಿದೆ. ಧಣಿಯವರು ನನ್ನ ದನಿ ಕೇಳಿ ಸಂತೋಷಪಟ್ಟರು, ಆ ಸಂತೋಷ ನಟನೆಯಲ್ಲ. ಹೆಸರುಗಳನ್ನು ಓದಿದೆ.

“ಕಳಸು ತಂಗಿ, ಎಲ್ಲಾರ್ನೂ ಕಳಸು. ನೀನೂ ಬಾ.”

“ನಾ ಬರಂಗಿಲ್ರಿ. ಅವರು ಸಂಜಿ ಐದೂವರಿ ಬಸ್ಸಿಗೆ ಹೊಂಡಬೇಕು. ಎಷ್ಟ ಕೆಲಸ ಇದ್ರೂ ಬಿಡಬೇಕು.”

“ಅದನ್ನ ಮನಿಯಾಗ ಒಂದು ಮಾತು...”

“ಯಾರನ್ನೂ ಕೇಳಬ್ಯಾಡ್ರಿ. ನೀವ ಹೂಂ ಅನ್ರಿ.”

ಆ ಕಡೆ ಬ್ರೂಸ್‌ಪೇಟೆಯ ಆಟೋಗಳ ಸದ್ದು ಬಹಳ ಹೊತ್ತು ಕೇಳಿಸಿತು. ಆಮೇಲೆ, “ಹೂಂ” ಅಂದರು.

ಒಂಬತ್ತು ಮಂದಿಗೂ ಒಬ್ಬೊಬ್ಬರಾಗಿ ಫೋನ್ ಮಾಡಿದೆ. ಬೆಳಗಿನ ಬಸ್ಸು ಎಷ್ಟಕ್ಕೆ, ಎಲ್ಲಿ ಇಳಿಯಬೇಕು, ಸಂಜೆಯ ಬಸ್ಸು ಎಷ್ಟಕ್ಕೆ ಎಂದು ಹೇಳಿದೆ. ಮಾತು ಮಾತ್ರ ಯಾರಿಗೂ ಕೊಡಲಿಲ್ಲ.